ಆರು ಗೇಣಿನ ಪಟ್ಟಿ

ನಿಕಾನೋರ್ ಅಂಗಡಿಯ ಬಾಗಿಲಲ್ಲಿ ನಿಂತಾಗ ಅವನ ಮೇಲ್ದುಟಿ ಸೀಳಿ ಊದಿಕೊಂಡಿತ್ತು. ಸೆಲ್ವಾ ನೋಡಿದಳು. ನೋಡದವಳಂತೆ ಹೊಲಿಗೆ ಮುಂದುವರಿಸಿದಳು. ದಬ್ಬಳ ಬೆರಳಿಗೆ ಚುಚ್ಚಿತು.

"ಯಾರ ಹತ್ತಿರ ಮುತ್ತು ಕೇಳೋಕೆ ಹೋಗಿದ್ದೆ?" ಎಂದಳು ತಲೆಯೆತ್ತದೆ.

"ತೋರ್ಕಾಸಾ ಹತ್ತಿರ. ಕೊಡಲ್ಲ ಅಂತ ತಲೆ ಎತ್ತಿದ್ಲು."

ತೋರ್ಕಾಸಾ ದಣಿಯ ಲಾಯದ ಕೆಂಗಂದು ಬಣ್ಣದ ಹೆಣ್ಣು ಕುದುರೆ. ಪೋಲೋ ಮೈದಾನದಲ್ಲಿ ಅವಳಷ್ಟು ಚುರುಕಾಗಿ ತಿರುಗುವ ಕುದುರೆ ಲೋಬೋಸ್ ಊರಿನ ಸುತ್ತಮುತ್ತ ಇನ್ನೊಂದಿರಲಿಲ್ಲ. ಆದರೆ ಲಗಾಮು ಬಿಗಿಯಾದ ಕೂಡಲೇ ತಲೆಯನ್ನು ಆಕಾಶಕ್ಕೆ ಎಸೆಯುತ್ತಿದ್ದಳು. ವಸಂತದ ಮೊದಲ ಪಂದ್ಯದಲ್ಲೇ ದಣಿಯ ಮಗನ ಮೂಗು ಮುರಿದಿದ್ದಳು. ಅಂದಿನಿಂದ ಆ ಮನೆಯವರು ಯಾರೂ ಅವಳ ಮೇಲೆ ಕೂತಿಲ್ಲ. ಈಗ ಭಾನುವಾರ ಪರದೇಶದ ಅತಿಥಿಗಳು ಬರುವವರಿದ್ದರು, ಅವರೆದುರು ತೋರ್ಕಾಸಾ ಆಡಲೇಬೇಕಿತ್ತು. ಹಾಗಾಗಿ ಲಾಯದಾಳು ನಿಕಾನೋರ್ ಹತ್ತಬೇಕೆಂದು ಅಪ್ಪಣೆಯಾಗಿತ್ತು. ಆ ಎಸ್ಟೇಟಿನಲ್ಲಿ ಎಲುಬು ಮುರಿಯುವುದಕ್ಕೂ ಒಂದು ಸರತಿಯಿತ್ತು. ಸರತಿಯ ಮುಂದೆ ಯಾವಾಗಲೂ ಕುದುರೆ ತೊಳೆಯುವವರೇ.

"ಒಂದು ಮಾರ್ಟಿಂಗೇಲ್ ಬೇಕು," ಎಂದ ನಿಕಾನೋರ್. "ತಲೆ ಇಷ್ಟಕ್ಕಿಂತ ಮೇಲೆ ಹೋಗದಂಗೆ ಹಿಡಿಯೋದು."

"ಕವಲಿರೋದು ಕೊಡಲಾ? ಲಗಾಮು ಬಳೆಯೊಳಗೆ ಹಾದು ಹೋಗುತ್ತೆ. ಬಾಯಿಗೂ ಮೆತ್ತಗೆ."

"ಒಂದು ಕೈಯಲ್ಲಿ ನಾಲ್ಕು ಲಗಾಮು, ಇನ್ನೊಂದರಲ್ಲಿ ಕೋಲು. ಓಟದ ಮಧ್ಯ ಬಳೆ ಎಲ್ಲಾದ್ರೂ ಸಿಕ್ಕಿಕೊಂಡ್ರೆ ಬಿಡಿಸೋಕೆ ಮೂರನೇ ಕೈ ನಿಂದು ತರ್ತೀಯಾ?"

"ಕರೆದ್ರೆ ತರ್ತೀನಿ."

ಹೇಳಿದ ಮೇಲೆ ಅವಳ ಕಿವಿ ಬಿಸಿಯಾಯಿತು. ಅವನು ನಗಲು ಹೋದ, ತುಟಿ ನೋಯಿತು, ಅರ್ಧ ನಗೆಯಲ್ಲೇ ನಿಲ್ಲಿಸಿದ. ಆ ಅರ್ಧ ನಗೆಯನ್ನು ಪೂರ್ತಿ ನೋಡಬೇಕೆಂದು ಸೆಲ್ವಾಳಿಗೆ ಎಷ್ಟು ಆಸೆಯಾಯಿತೆಂದರೆ, ಎದ್ದು ಹೋಗಿ ಗೋಡೆಯ ಮೇಲಿನ ಚರ್ಮದ ಪಟ್ಟಿಗಳನ್ನು ಸುಮ್ಮನೆ ಎಣಿಸತೊಡಗಿದಳು.

"ಒಂಟಿ ಪಟ್ಟಿನೇ ಇರಲಿ," ಎಂದ ಅವನು ಅವಳ ಬೆನ್ನಿಗೆ. "ಹೊಟ್ಟೆಪಟ್ಟಿಯಿಂದ ಮುಂಗಾಲು ನಡುವೆ ಬಂದು ಮೂಗಿಗೆ ಕಟ್ಟೋದು. ಉದ್ದ ಮಾತ್ರ ಸರಿಯಾಗಿರಲಿ, ಸೆಲ್ವಾ. ಅವಳ ತಲೆ ನನ್ನ ಮುಖಕ್ಕೆ ಬರಬಾರದು. ಆದರೆ ಎಡವಿದ್ರೆ ಕತ್ತು ಚಾಚೋಕೆ ಜಾಗ ಇರಬೇಕು."

ಈ ಕೊನೆಯ ಮಾತನ್ನು ಅವಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಎಡವಿದ ಕುದುರೆ ಕತ್ತನ್ನು ಮುಂದಕ್ಕೆ ಚಾಚಿ ತನ್ನ ತೂಕ ಹಿಡಿದುಕೊಳ್ಳುತ್ತದೆ. ಕತ್ತು ಬಿಗಿದಿದ್ದರೆ ಮಗುಚುತ್ತದೆ, ಮೇಲಿದ್ದವನ ಮೈಮೇಲೆಯೇ. ಅವಳ ಅಣ್ಣ ರೊಲಾಂದೋ ಅದೇ ಮೈದಾನದಲ್ಲಿ ಹಾಗೆಯೇ ಸತ್ತಿದ್ದ. ಪಟ್ಟಿಯನ್ನು ಗಿಡ್ಡ ಮಾಡಿಸಿದವನು ದಣಿ ದೊನ್ ಫೆರ್ಮಿನ್, ಕತ್ತರಿಸಿ ಕೊಟ್ಟವನು ಅಪ್ಪ. ಮರುದಿನದ ಪತ್ರಿಕೆಯಲ್ಲಿ ಸತ್ತ ಕುದುರೆಯ ಹೆಸರಿತ್ತು, ಅದರ ತಾಯಿತಂದೆಯ ಹೆಸರೂ ಇತ್ತು. ರೊಲಾಂದೋನನ್ನು 'ಒಬ್ಬ ಆಳು' ಎಂದು ಬರೆದಿದ್ದರು. ಅಂದಿನಿಂದ ಅಪ್ಪ ಚರ್ಮ ಮುಟ್ಟಿಲ್ಲ. ಹಿತ್ತಲಲ್ಲಿ ಮಾಟೆ ಕಷಾಯದ ಬುರುಡೆ ಹಿಡಿದು ಕೂರುತ್ತಾನೆ. ಅಂಗಡಿ ಸೆಲ್ವಾಳ ಕೈಗೆ ಬಂತು.

"ಎಷ್ಟು ಗೇಣು?" ಎಂದಳು.

"ಆರು."

ಆ ಅಂಗಡಿಯಲ್ಲಿ ಅಳತೆಯ ಟೇಪು ಇರಲಿಲ್ಲ, ಎಂದೂ ಇದ್ದಿದ್ದಿಲ್ಲ. ಲಾಯದಲ್ಲಿ ಕುದುರೆಯ ಮೈಮೇಲೆ ಗೇಣು ಹಾಕಿ ಬಂದ ಕೈಯೇ ಇಲ್ಲಿ ಚರ್ಮದ ಮೇಲೂ ಗೇಣು ಹಾಕಬೇಕು. ಗಿರಾಕಿ ಅಂಗೈ ಅಗಲಿಸಿ ಇಡುತ್ತಾನೆ, ಸೆಲ್ವಾ ಅವನ ಹೆಬ್ಬೆರಳಿಗೂ ಕಿರುಬೆರಳಿಗೂ ಸುಣ್ಣದ ಗೆರೆ ಎಳೆಯುತ್ತಾಳೆ. ಅಜ್ಜನ ಕಾಲದಿಂದ ಬಂದ ಪದ್ಧತಿ. ಅವಳು ಪಟ್ಟಿಯನ್ನು ಹಲಗೆಯ ಮೇಲೆ ಹಾಸಿ, ಇನ್ನೇನು "ಕೈ ಕೊಡು" ಅನ್ನಬೇಕು, ಅಷ್ಟರಲ್ಲಿ ಬಾಗಿಲಲ್ಲಿ ಯಾರೋ ಕೆಮ್ಮಿದರು.

ಎಸ್ಟೇಟಿನ ಮೇಸ್ತ್ರಿ ಬೆರ್ನಾಲ್. ಚೌಕಟ್ಟಿಗೆ ಒರಗಿ ಹಲ್ಲಿನ ಸಂದಿ ಕೆದಕುತ್ತಿದ್ದ.

"ಏನಮ್ಮಾ, ಪಟ್ಟಿ ಅಳೀತೀಯೋ ಗಂಡು ಅಳೀತೀಯೋ? ಇವನು ವಾರಕ್ಕೆರಡು ಸಲ ಇಲ್ಲಿಗೆ ಯಾಕೆ ಬರ್ತಾನೆ ಅಂತ ಇಡೀ ಲಾಯಕ್ಕೆ ಗೊತ್ತು. ಹಿಡ್ಕೋ ಕೈನ, ಹಿಡ್ಕೋ. ನಾನು ಆ ಕಡೆ ತಿರುಗಿ ನಿಲ್ತೀನಿ."

ಸೆಲ್ವಾ ಸುಣ್ಣದ ತುಂಡನ್ನು ಹಲಗೆಗೆ ಒತ್ತಿದಳು. ಅದು ಎರಡಾಯಿತು. "ಆರು ಗೇಣು ತಾನೇ?" ಎಂದಳು. "ಗೊತ್ತಾಯ್ತು. ನಾಳೆ ಸಂಜೆ ಯಾರಾದ್ರೂ ಬಂದು ತಗೊಂಡು ಹೋಗಿ."

ನಿಕಾನೋರ್ ಚಾಚಿದ್ದ ಕೈಯನ್ನು ನಿಧಾನವಾಗಿ ಜೇಬಿಗಿಟ್ಟುಕೊಂಡ. ಅವನ ಮುಖದಲ್ಲಿ ಏನಿತ್ತೆಂದು ನೋಡುವ ಧೈರ್ಯ ಅವಳಿಗಾಗಲಿಲ್ಲ.

ಅಂದು ಮಧ್ಯಾಹ್ನವೆಲ್ಲ ಅವಳು ಬೆರ್ನಾಲ್‌ನನ್ನು ಮನಸ್ಸಿನಲ್ಲೇ ಬೈಯುತ್ತ, ಗೇಣು ಹಾಕುತ್ತ, ಕತ್ತರಿಸಿದಳು. ಪಟ್ಟಿಯ ಅಂಚನ್ನು ಜೇನುಮೇಣದಿಂದ ಉಜ್ಜಿ ನುಣುಪು ಮಾಡಿದಳು. ಇಷ್ಟು ಚೆಂದದ ಹೊಲಿಗೆ ಯಾವ ಪಟ್ಟಿಗೂ ಹಾಕಿರಲಿಲ್ಲ. ಮರುದಿನ ಬೆರ್ನಾಲ್ ಬಂದು ಒಯ್ದ.

ಭಾನುವಾರ ಬೆಳಗ್ಗೆ ಮುದುಕ ಸಿಕ್ಸ್ತೋ ಬಂದ. ಲಾಯದಲ್ಲಿ ಎಲ್ಲರಿಗಿಂತ ಹಳಬ.

"ಕಾಲಿಡೋ ರಿಕಾಪಿನ ಪಟ್ಟಿ ಕಿತ್ತೋಗಿದೆ ಮಗಳೇ. ಪಂದ್ಯ ಶುರುವಾಗೋದರೊಳಗೆ ಆಗಬೇಕು. ಮೂರು ಗೇಣು."

ಹೇಳುತ್ತಲೇ ಪದ್ಧತಿಯಂತೆ ಅಂಗೈಯನ್ನು ಚರ್ಮದ ಮೇಲೆ ಹರವಿದ. ಪಟ್ಟಿ ಸರಿಯದಂತೆ ಸೆಲ್ವಾ ತನ್ನ ಎಡಗೈಯನ್ನು ಪಕ್ಕದಲ್ಲೇ ಊರಿದಳು. ಎರಡು ಕೈ ಅಕ್ಕಪಕ್ಕ ಬಂದವು. ಮುದುಕನ ಕಿರುಬೆರಳು ಅವಳದ್ದನ್ನು ದಾಟಿ ಎರಡು ಬೆರಳಿನಷ್ಟು ಆಚೆ ಹೋಗಿತ್ತು.

ಅವಳು ಕೈ ತೆಗೆಯಲಿಲ್ಲ. ನೋಡುತ್ತಲೇ ನಿಂತಳು.

ಆ ಆರು ಗೇಣು ಅವಳ ಗೇಣು. ನಿಕಾನೋರನ ಕೈಯನ್ನು ಅವಳು ಹಲಗೆಯ ಮೇಲೆ ಇಡಿಸಿಕೊಂಡಿರಲೇ ಇಲ್ಲ. ಅವನ ಕೈ ಈ ಮುದುಕನ ಕೈಗಿಂತ ಚಿಕ್ಕದೇನಲ್ಲ. ಒಂದು ಗೇಣಿಗೆ ಎರಡು ಬೆರಳು ಕಮ್ಮಿಯಾದರೆ, ಆರಕ್ಕೆ ಒಂದು ಗೇಣು ಕಮ್ಮಿ. ಕುದುರೆಯ ಕತ್ತು ಎದೆಗೇ ಬಿಗಿದಿರುತ್ತದೆ.

"ಏನಾಯ್ತು ಮಗಳೇ? ಬಣ್ಣ ಯಾಕೆ ಹೀಗೆ ಹೋಯ್ತು?"

"ಪಂದ್ಯ ಎಷ್ಟು ಹೊತ್ತಿಗೆ?"

"ಇನ್ನೇನು ಕುದುರೆಗಳನ್ನ ಹೊರಗೆ ತರ್ತಿರ್ತಾರೆ."

ಕತ್ತರಿಸದ ಒಂದು ಉದ್ದನೆಯ ಪಟ್ಟಿಯನ್ನು ಹೆಗಲಿಗೆಸೆದು, ಚಾಕು, ಉಳಿ, ಸುತ್ತಿಗೆ, ಬಕಲ್, ಸುಣ್ಣವನ್ನು ಮಡಿಲಲ್ಲಿ ಕಟ್ಟಿ, ಸೆಲ್ವಾ ಸೈಕಲ್ ಹತ್ತಿದಳು. ಮಣ್ಣಿನ ದಾರಿಯುದ್ದಕ್ಕೂ ದಣಿಯ ಬೇಲಿ, ಬೇಲಿಯಾಚೆ ದಣಿಯ ಹುಲ್ಲು, ಹುಲ್ಲಿನ ಕೊನೆಯಲ್ಲಿ ದಣಿಯ ನೀಲಗಿರಿ ಮರಗಳು. ತುಳಿದಷ್ಟೂ ಮುಗಿಯದ ಇನ್ನೊಬ್ಬರ ಭೂಮಿ. ಅಪ್ಪ ದಣಿಯ ಮಾತು ಕೇಳಿ ಕತ್ತರಿಸಿದ್ದ. ನಾನು ಯಾರ ಮಾತು ಕೇಳಿ ಕತ್ತರಿಸಿದೆ? ಒಬ್ಬ ಮೇಸ್ತ್ರಿ ಹಲ್ಲು ಕಿರಿದನೆಂದು ಒಂದು ಕೈ ಮುಟ್ಟಲು ನಾಚಿದೆನಲ್ಲ.

ಮೈದಾನದ ಅಂಚಿನಲ್ಲಿ ಕುದುರೆಗಳನ್ನು ಉದ್ದದ ಹಗ್ಗಕ್ಕೆ ಸಾಲಾಗಿ ಕಟ್ಟಿದ್ದರು. ನಿಕಾನೋರ್ ಆಗಲೇ ತೋರ್ಕಾಸಾ ಮೇಲಿದ್ದ. ಕುದುರೆಯ ಗದ್ದ ಎದೆಗೆ ಅಂಟಿತ್ತು, ಕಣ್ಣಿನ ಬಿಳಿ ಕಾಣುತ್ತಿತ್ತು. ಸೆಲ್ವಾ ಸೈಕಲನ್ನು ಹುಲ್ಲಿಗೆ ಬೀಳಿಸಿ ಓಡಿ, ಲಗಾಮು ಹಿಡಿದಳು.

"ಇಳಿ."

"ಸೆಲ್ವಾ, ಏನಿದು—"

"ಇಳಿ ಅಂದೆ. ಈ ಪಟ್ಟಿ ಗಿಡ್ಡ ಇದೆ, ನಿನಗೆ ಕಣ್ಣಿಲ್ವಾ?"

"ಇದೆ. ಕೊನೇ ತೂತಿಗೆ ಹಾಕಿದ್ರೂ ಗಿಡ್ಡ ಅನಿಸ್ತು." ಅವನು ಬಗ್ಗಿ ಮೆಲ್ಲಗೆ ಹೇಳಿದ. "ಆದ್ರೆ ಕತ್ತರಿಸಿದ್ದು ನೀನು. ನೀನು ಏನೋ ಯೋಚನೆ ಮಾಡಿರ್ತೀಯ ಅಂದ್ಕೊಂಡೆ."

ಅವಳಿಗೆ ಅವನನ್ನು ಹೊಡೆಯಬೇಕೆನಿಸಿತು. ಇಷ್ಟು ನಂಬುವ ಹಕ್ಕು ಇವನಿಗೆ ಯಾರು ಕೊಟ್ಟರು?

ದೊನ್ ಫೆರ್ಮಿನ್ ಬಿಳಿಯ ಚಲ್ಲಣದಲ್ಲಿ ಅತಿಥಿಗಳನ್ನು ಬಿಟ್ಟು ಬಂದ. ಹಿಂದೆ ಬೆರ್ನಾಲ್.

"ಏನು ಗಲಾಟೆ?"

"ಪಟ್ಟಿ ತಪ್ಪಾಗಿದೆ ದಣಿ. ಬದಲಾಯಿಸಬೇಕು."

"ತಪ್ಪೇನಿದೆ? ಈ ವರ್ಷ ಮೊದಲನೇ ಸಲ ಇವಳ ತಲೆ ಇರಬೇಕಾದಲ್ಲಿ ಇದೆ. ನಿಮ್ಮಪ್ಪನಂಗೆ ನೀನೂ ಕೆಲಸ ಕಲಿತಿದ್ದೀಯ. ದಾರಿ ಬಿಡು."

ನಿಮ್ಮಪ್ಪನಂಗೆ. ಸುತ್ತ ನಿಂತಿದ್ದ ಲಾಯದವರೆಲ್ಲ ನೆಲ ನೋಡಿದರು. ಸೆಲ್ವಾ ಲಗಾಮು ಬಿಡಲಿಲ್ಲ. ಒಂದೇ ದಾರಿಯಿತ್ತು, ಅದರಲ್ಲಿ ಅವಳ ಮಾನ ಒಂದಿಷ್ಟೂ ಉಳಿಯುತ್ತಿರಲಿಲ್ಲ.

"ನಾನು ಕಲಿತ ಕೆಲಸ ಅಲ್ಲ ಇದು, ನಾನು ಕೆಡಿಸಿದ ಕೆಲಸ," ಎಂದಳು. ಹಗ್ಗದ ಆ ತುದಿಯವರೆಗೂ ಕೇಳುವಂತೆ ಹೇಳಿದಳು. "ಇವನು ಆರು ಗೇಣು ಅಂದ. ಇವನ ಕೈಯಲ್ಲಿ ಅಳೀಬೇಕಿತ್ತು. ನಾನು ನನ್ನ ಕೈಯಲ್ಲಿ ಅಳೆದೆ. ಯಾಕೆ ಅಂದ್ರೆ ನಿಮ್ಮ ಮೇಸ್ತ್ರಿ ನಿಂತು ನಗ್ತಿದ್ದ, ನನಗೆ ಇವನ ಕೈ ಹಿಡಿಯೋಕೆ ನಾಚಿಕೆಯಾಯ್ತು. ನಾಚಿಕೆ ಯಾಕಾಯ್ತು ಅಂತ ಕೇಳ್ತೀರಾ? ಮಿಕ್ಕವರ ಕೈ ಹಿಡಿದಂಗೆ ಇವನ ಕೈ ಹಿಡಿಯೋಕೆ ನನಗಾಗಲ್ಲ. ಅದಕ್ಕೆ. ಈಗ ಎಲ್ಲರೂ ನಕ್ಕುಬಿಡಿ. ಆಮೇಲೆ ಇವನನ್ನ ಇಳಿಸಿ."

ಯಾರೂ ನಗಲಿಲ್ಲ. ಬೆರ್ನಾಲ್ ಕೂಡ.

"ಗಿಡ್ಡ ಇದ್ರೆ ಗಿಡ್ಡ," ಎಂದ ದಣಿ. "ನನಗೆ ಹೀಗೇ ಬೇಕು. ಅತಿಥಿಗಳು ಕಾಯ್ತಿದ್ದಾರೆ."

ಸೆಲ್ವಾ ಚಾಕು ತೆಗೆದಳು. ಕುದುರೆಯ ಎದೆಯ ಕೆಳಗೆ ಕೈ ತೂರಿಸಿ, ತಾನೇ ಮೇಣ ಹಾಕಿ ಉಜ್ಜಿದ್ದ ಪಟ್ಟಿಯನ್ನು ಒಂದೇ ಎಳೆತಕ್ಕೆ ಕೊಯ್ದಳು. ತೋರ್ಕಾಸಾ ಬಿಡುಗಡೆಯಾದ ತಲೆಯನ್ನು ಮೇಲಕ್ಕೆಸೆದಳು. ನಿಕಾನೋರ್ ಪಕ್ಕಕ್ಕೆ ವಾಲಿ ತಪ್ಪಿಸಿಕೊಂಡು ನೆಲಕ್ಕಿಳಿದ.

"ಇನ್ನು ಪಟ್ಟಿ ಇಲ್ಲದೆ ಯಾರು ಹತ್ತುತ್ತೀರಿ ದಣಿ? ಚಿಕ್ಕ ದಣಿಗಳು ಹತ್ತುತ್ತಾರಾ?" ಎಂದ ನಿಕಾನೋರ್. ದನಿಯಲ್ಲಿ ವಿನಯಕ್ಕೇನೂ ಕೊರತೆ ಇರಲಿಲ್ಲ.

ಮುರಿದ ಮೂಗಿನ ಮಗ ದೂರದಲ್ಲಿ ಇನ್ನೊಂದು ಕುದುರೆಯ ಹಿಂದೆ ಸರಿದ. ಮೈದಾನದಲ್ಲಿ ಗಂಟೆ ಹೊಡೆಯಿತು. ಅತಿಥಿಗಳು ಇತ್ತಲೇ ನೋಡುತ್ತಿದ್ದರು. ದೊನ್ ಫೆರ್ಮಿನ್ ಕೈಗವಸನ್ನು ತೊಡೆಗೆ ಬಡಿದು, "ಬೇಗ ಮುಗಿಸಿ" ಎಂದ.

ಸೆಲ್ವಾ ಹುಲ್ಲಿನ ಮೇಲೆ ಕೂತು ಹೊಸ ಪಟ್ಟಿಯನ್ನು ಮೊಣಕಾಲ ಮೇಲೆ ಹಾಸಿದಳು. "ಕೈ ಕೊಡು."

ಅವನು ಎದುರು ಕೂತು ಅಂಗೈ ಅಗಲಿಸಿದ. ಅವಳು ಅದರ ಮೇಲೆ ತನ್ನ ಕೈಯಿಟ್ಟು ಚರ್ಮಕ್ಕೆ ಒತ್ತಿದಳು. ಒರಟು ಕೈ, ಬೆವರಿದ ಕೈ, ಬದುಕಿದ್ದ ಕೈ. ಮೊದಲ ಗೇಣಿಗೇ ಅವಳ ಗೆರೆ ಸೊಟ್ಟಗಾಯಿತು.

"ನಿಧಾನ," ಎಂದ ಅವನು.

"ಬೇಗ ಅಂತಾರೆ ದಣಿ."

"ದಣಿಗೇನು, ಅಂತಾರೆ. ನಾನು ಇದಕ್ಕೆ ಒಂದು ವರ್ಷದಿಂದ ಕಾಯ್ತಿದ್ದೀನಿ. ಇನ್ನೊಂದು ಗೇಣು ಜಾಸ್ತಿನೇ ಇರಲಿ."

"ಜಾಸ್ತಿಯಾದ್ರೆ ತಲೆ ನಿನ್ನ ಮುಖಕ್ಕೆ ಬರುತ್ತೆ. ಬಾಯಿ ಮುಚ್ಚಿಕೊಂಡು ಕೈ ಇಡು."

ಕತ್ತರಿಸಿ, ತೂತು ಹೊಡೆದು, ಬಕಲ್ ಹಾಕಿ, ತಾನೇ ಕಟ್ಟಿದಳು. ಕುದುರೆ ಸಹಜವಾಗಿ ನಿಂತಾಗ ಪಟ್ಟಿಯನ್ನು ಕೆಳಗಿನಿಂದ ಎತ್ತಿ ನೋಡಿದಳು. ಅದು ಗಂಟಲಿನ ತಿರುವಿಗೆ ಸರಿಯಾಗಿ ತಾಗಿತು. ಗಿಡ್ಡವೂ ಅಲ್ಲ, ಸಡಿಲವೂ ಅಲ್ಲ. ನಿಕಾನೋರ್ ಹತ್ತಿದ.

ಆಟ ಶುರುವಾಯಿತು. ಮೊದಲ ತಿರುವಿನಲ್ಲೇ ತೋರ್ಕಾಸಾ ತಲೆಯೆಸೆದಳು. ಪಟ್ಟಿ ಬಿಗಿಯಿತು, ಅವಳ ನೆತ್ತಿ ಅವನ ಗದ್ದದಿಂದ ಒಂದು ಮುಷ್ಟಿ ದೂರದಲ್ಲಿ ನಿಂತು ಇಳಿಯಿತು. ಮತ್ತೆ ಎಸೆದಳು, ಮತ್ತೆ ಇಳಿಯಿತು. ಸೆಲ್ವಾ ಹಗ್ಗದ ಕಂಬ ಹಿಡಿದು ನಿಂತಿದ್ದಳು.

ಚೆಂಡು ಆಚೆ ಅಂಚಿಗೆ ಹಾರಿತು. ನಿಕಾನೋರ್ ಪೂರ್ತಿ ಓಟದಲ್ಲಿ ಅದರ ಹಿಂದೆ ಬಿದ್ದ. ಗೊರಸು ಕಿತ್ತ ಹಳ್ಳಕ್ಕೆ ಕುದುರೆಯ ಮುಂಗಾಲು ಇಳಿಯಿತು. ಮಂಡಿ ನೆಲ ಮುಟ್ಟಿತು, ಮಣ್ಣು ಚಿಮ್ಮಿತು, ಸವಾರ ಕತ್ತಿನ ಮೇಲೆ ಬಿದ್ದ. ಸೆಲ್ವಾ ಕಣ್ಣು ಮುಚ್ಚಲಿಲ್ಲ. ಅಣ್ಣ ಬಿದ್ದ ದಿನ ಮುಚ್ಚಿದ್ದಳು. ತೋರ್ಕಾಸಾ ಕತ್ತನ್ನು ಮುಂದಕ್ಕೆ, ಇನ್ನೂ ಮುಂದಕ್ಕೆ, ಹುಲ್ಲಿಗೆ ಮೂಗು ತಾಗುವಷ್ಟು ಚಾಚಿದಳು, ಗುಡುಗಿದಂತೆ ಉಸಿರಿ ಎದ್ದುಬಿಟ್ಟಳು. ನಿಕಾನೋರ್ ಕುತ್ತಿಗೆ ತಬ್ಬಿಕೊಂಡು ಜೀನಿಗೆ ಜಾರಿ ಕೂತ. ಕೋಲು ಕಳೆದುಹೋಗಿತ್ತು. ಅವನಿದ್ದ.

ಆಗ, ಹಿಂದಿನಿಂದ ನಡೆದೇ ಬಂದಿದ್ದ ಸಿಕ್ಸ್ತೋ ಹಗ್ಗಕ್ಕೆ ಕಟ್ಟಿದ್ದ ಮೊದಲ ಕುದುರೆಯ ಬಳಿ ಹೋಗಿ, ದಣಿ ಗಿಡ್ಡ ಕಟ್ಟಿಸಿದ್ದ ಅದರ ಎದೆಯ ಪಟ್ಟಿಯ ಬಕಲನ್ನು ಬಿಚ್ಚಿ ಎರಡು ತೂತು ಸಡಿಲಿಸಿದ. ಪಕ್ಕದವನು ನೋಡಿದ, ತನ್ನ ಕುದುರೆಯದನ್ನೂ ಸಡಿಲಿಸಿದ. ಸಾಲಿನುದ್ದಕ್ಕೂ ಬಕಲುಗಳ ಸದ್ದು ಹರಿಯಿತು. ಬೆರ್ನಾಲ್ "ಯಾರು ಹೇಳಿದ್ದು ನಿಮಗೆ, ಯಾರು ಹೇಳಿದ್ದು" ಎಂದು ಒಬ್ಬರಿಂದ ಒಬ್ಬರಿಗೆ ಓಡಿದ. ಎಲ್ಲರ ಕೈಯೂ ಕೆಲಸದಲ್ಲಿತ್ತು.

ಆಟ ಮುಗಿದ ಮೇಲೆ ದೊನ್ ಫೆರ್ಮಿನ್ ಬಹಳ ಮಾತಾಡಲಿಲ್ಲ. ಅತಿಥಿಗಳೆದುರು ಮಾನ ಹೋಯಿತೆಂದ. ಎಸ್ಟೇಟಿನ ಚರ್ಮದ ಕೆಲಸ ಇನ್ನು ಬೇರೆ ಊರಿಗೆ ಹೋಗುವುದೆಂದ. ನಿಕಾನೋರನಿಗೆ, ನಾಳೆಯಿಂದ ಬರಬೇಡ ಎಂದ. ನಿಕಾನೋರ್ ತೋರ್ಕಾಸಾಳ ಹಣೆ ತಿಕ್ಕಿ, ಲಗಾಮನ್ನು ಸಿಕ್ಸ್ತೋನ ಕೈಗೆ ಕೊಟ್ಟು, ಹುಲ್ಲಲ್ಲಿ ಬಿದ್ದಿದ್ದ ಸೈಕಲನ್ನು ಎತ್ತಿಕೊಂಡ.

ಇಬ್ಬರೂ ಬೇಲಿಯ ಪಕ್ಕ ನಡೆದರು.

"ನನಗೆ ಕೆಲಸ ಹೋಯ್ತು," ಎಂದ ಅವನು.

"ನನಗೆ ಗಿರಾಕಿ ಹೋದ್ರು."

"ನನ್ನಿಂದ."

"ನನ್ನಿಂದ. ಎಲ್ಲದಕ್ಕೂ ನೀನೇ ಕಾರಣ ಆಗೋಕೆ ಬರಬೇಡ."

ಅವನು ನಕ್ಕ. ಪೂರ್ತಿ ನಕ್ಕ. ಸೆಲ್ವಾ ಈ ಸಲ ಗೋಡೆಯ ಕಡೆ ತಿರುಗಲಿಲ್ಲ, ತಿರುಗಲು ಅಲ್ಲಿ ಗೋಡೆಯೂ ಇರಲಿಲ್ಲ. ಸುತ್ತ ಬಯಲು, ಮೇಲೆ ಬಿಸಿಲು. ಅವಳು ನಿಂತು, ಅವನ ಅಂಗಿಯ ಕೊರಳಿನ ಮಣ್ಣು ಕೊಡವಿದಳು. ಕೊಡವಿ ಮುಗಿದರೂ ಕೈ ಅಲ್ಲೇ ಉಳಿಯಿತು.

"ಭಾನುವಾರ ಅಪ್ಪ, ನಾನು ಇಬ್ಬರೇ ಊಟಕ್ಕೆ ಕೂರ್ತೀವಿ," ಎಂದಳು. "ಅಣ್ಣ ಹೋದ ಮೇಲೆ ಆ ಮೇಜಿಗೆ ಯಾರನ್ನೂ ಕರೆದಿಲ್ಲ."

"ಕರೆದ್ರೆ?"

"ಇವತ್ತಿನದ್ದೆಲ್ಲ ನೀನೇ ಅವರಿಗೆ ಹೇಳಬೇಕು. ಕುದುರೆ ಎಡವಿದ್ದು, ಎದ್ದಿದ್ದು. ಮುಖ್ಯವಾಗಿ ಎದ್ದಿದ್ದು. ನಾನು ಹೇಳಿದ್ರೆ ಅವರು ಎದ್ದು ಹೋಗ್ತಾರೆ."

ನಿಕಾನೋರ್ ಸೈಕಲನ್ನು ಇನ್ನೊಂದು ಕೈಗೆ ಬದಲಾಯಿಸಿದ, ಅವಳ ಪಕ್ಕದ ಕೈ ಖಾಲಿಯಿರಲೆಂದು. "ಹೇಳ್ತೀನಿ," ಎಂದ. "ಅವರು ಕೇಳೋವರೆಗೂ ಹೇಳ್ತೀನಿ."

ಊರಿನ ಮೊದಲ ಮನೆಗಳು ಕಂಡವು. ಅಡುಗೆಮನೆಗಳಿಂದ ಸುಡುತ್ತಿದ್ದ ಮಾಂಸದ ವಾಸನೆ ಬರುತ್ತಿತ್ತು. ಬೀದಿಗೆ ತಿರುಗುವಲ್ಲಿ ಇಬ್ಬರು ಹೆಂಗಸರು ಮಾತು ನಿಲ್ಲಿಸಿ ನೋಡಿದರು. ಸೆಲ್ವಾ ಅವರಿಗೆ ನಮಸ್ಕಾರ ಹೇಳಿದಳು, ಅವನ ಕೈ ಬಿಡದೆ.