ಹಲಗೆಯ ಕಪ್ಪು ಬದಿ

"ಹಲಗೇನ ಬೇಕಂತಲೇ ತಿರುಗಿಸಿ ಇಟ್ರಿ, ಅಲ್ವಾ?"

ಪರೀಕ್ಷೆಯ ಕೊಳದ ದಂಡೆಯಲ್ಲಿ ನೀರು ಸೋರುತ್ತ ನಿಂತಿದ್ದ ಡೈವರ್ ತಲೆ ತಗ್ಗಿಸಿದ. ಎಂಜಿನಿಯರ್ ಹುಡುಗಿಗೆ ಮೈಯೆಲ್ಲ ಉರಿಯಿತು. ನೀರಿಗೆ ಬೆಳಕು ಬಿಟ್ಟು, ಮರಳಿ ಬರುವ ಬೆಳಕಿನಿಂದ ತಳವನ್ನು ಕಾಣುವ ಲೇಸರ್ ಯಂತ್ರ ಅವಳದು. ಯಂತ್ರದ ಗುರಿಯೆಂದು ಕೊಳದ ತಳದಲ್ಲಿ ಬಿಳಿ ಬದಿ ಮೇಲಾಗಿ ಇಡಬೇಕಿದ್ದ ಹಲಗೆಯನ್ನು ಇವನು ಕಪ್ಪು ಬದಿ ಮೇಲಾಗಿ ಇಟ್ಟಿದ್ದ. ಬೆಳಗಿನಿಂದ ಯಂತ್ರಕ್ಕೆ ಏನೂ ಕಂಡಿರಲಿಲ್ಲ.

ಈ ಮುಖವನ್ನು ಅವಳು ಹೇಗೆ ಮರೆತಾಳು! ಕಳೆದ ವರ್ಷ ಅಣ್ಣನ ಜೊತೆ ಬಂದರಿನ ನೀರಿಗಿಳಿದವನು, ಒಬ್ಬನೇ ಮೇಲೆ ಬಂದವನು. ಏನಾಯಿತೆಂದು ಅಮ್ಮ ಕೇಳಿದಾಗಲೂ ಬಾಯಿಗೆ ಬೀಗ ಹಾಕಿಕೊಂಡಿದ್ದ. ಬಿಟ್ಟು ಬಂದಿರಬೇಕು... ಎಂದೇ ಅವಳು ನಂಬಿದ್ದಳು. ಇನ್ನು ಯಾರೂ ಹಾಗೆ ನೀರಿನಲ್ಲಿ ಕಳೆದುಹೋಗಬಾರದೆಂದೇ ಈ ಯಂತ್ರಕ್ಕೆ ಕೈಹಾಕಿದ್ದಳು.

"ಬಿಳಿ ಬದಿ ಕಂಡ್ರೆ ಏನು ಬಂತು?" ಅವನು ಮೆಲ್ಲಗೆ ಹೇಳಿದ. "ನಿಮ್ಮಣ್ಣ ಹಾಕ್ಕೊಂಡಿದ್ದು ಕಪ್ಪು ಬಟ್ಟೆ. ಟಾರ್ಚ್ ಹಾಕಿ ಹುಡುಕ್ದೆ. ಮುಂದಿದ್ದ ಕೆಸರು ನೀರೇ ಬೆಳ್ಳಗೆ ಹೊಳೆದು ಕಣ್ಣು ಕುಕ್ಕಿತು... ಕೈಗೆ ಸಿಗೋಷ್ಟು ಹತ್ರಾನೇ ಇದ್ದ ಅಂತ ಆಮೇಲೆ ಅವನನ್ನ ಹೊರಗೆ ತೆಗೆದವರು ಹೇಳಿದ್ರು. ನಂಗೆ ಕಾಣ್ಲಿಲ್ಲ. ಅದನ್ನ ಅಮ್ಮನಿಗೆ ಯಾವ ಬಾಯಲ್ಲಿ ಹೇಳ್ಲಿ?"

ಅವಳು ಯಂತ್ರದತ್ತ ತಿರುಗಿದಳು. ಇಷ್ಟು ದಿನ ಯಾರ ಮೇಲೆ ಹಲ್ಲು ಕಡಿದೆ ನಾನು...

ಅವಳ ಯಂತ್ರದ ರೋಗವೂ ಅದೇ. ಮೇಲ್ನೀರಿನಿಂದ ಚಿಮ್ಮಿ ಬರುವ ಬೆಳಕಿಗೆ ಸೆನ್ಸರ್ ಕುರುಡಾಗುತ್ತಿತ್ತು; ಚೇತರಿಸಿಕೊಳ್ಳುವಷ್ಟರಲ್ಲಿ ತಳದ ಕ್ಷೀಣ ಬೆಳಕು ಬಂದು ಹೋಗಿರುತ್ತಿತ್ತು. ಅವಳು ಒಂದಿದ್ದ ಕಡೆ ಎರಡು ಸೆನ್ಸರ್ ಇಟ್ಟಳು. ಮಂದವಾದದ್ದು ಮೇಲಿನ ಹೊಳಪನ್ನು ನೋಡಲಿ. ಸೂಕ್ಷ್ಮವಾದದ್ದು ಆ ಹೊಳಪು ದಾಟುವವರೆಗೆ ಮುಚ್ಚಿದ್ದು, ಆಮೇಲೆ ತೆರೆದುಕೊಳ್ಳಲಿ.

ವಾರಗಳೇ ಹಿಡಿದವು. ಯಾರೂ ಹೇಳದೆಯೇ ಅವನು ದಿನವೂ ನೀರಿಗಿಳಿದು ಹಲಗೆ ಇಟ್ಟ, ಕಪ್ಪು ಬದಿಯನ್ನೇ ಮೇಲೆ ಮಾಡಿ. ಅವನು ನೀರಿನಿಂದ ಮೇಲೆ ಬರುವುದು ತುಸು ತಡವಾದರೂ ಅವಳ ಜೀವ ಬಾಯಿಗೆ ಬರುತ್ತಿತ್ತು. ಅದೇಕೆಂದು ತನ್ನನ್ನೇ ಕೇಳಿಕೊಳ್ಳಲು ಅವಳು ಹೆದರಿದಳು.

ಒಂದು ಮಧ್ಯಾಹ್ನ, ಕೆಸರು ಕಲಸಿದ ನೀರಿನಡಿಯಿಂದ ಯಂತ್ರದ ಪರದೆಯ ಮೇಲೆ ಹಲಗೆಯ ಸಣ್ಣ ಗೆರೆಯೊಂದು ಎದ್ದಿತು. ಅಣ್ಣಾ... ಎಂದು ಅವಳು ಅತ್ತೇಬಿಟ್ಟಳು.

ಅವನು ದಂಡೆ ಹತ್ತಿ ಬಂದ. "ಕಂಡ್ತಾ?"

"ಕಂಡ್ತು. ಕಪ್ಪೇ ಕಂಡ್ತು. ಅಮ್ಮನಿಗೆ ನಾವಿಬ್ರೂ ಹೋಗಿ ಹೇಳೋಣ." ಅವಳು ಅವನ ತಣ್ಣನೆಯ ಕೈ ಹಿಡಿದುಕೊಂಡಳು. "ಇನ್ಮೇಲೆ ನೀವು ಕಣ್ಣು ಕಾಣದ ನೀರಿಗೆ ಇಳೀಬೇಡಿ."

"ಮತ್ತೆಲ್ಲಿರ್ಲಿ?"

"ನನ್ನ ಕಣ್ಣ ಮುಂದೆ."