ಸೂರ್ಯನ ಗಾಳಿಗೆ ಒಂದು ಗಂಟೆ

"ನನ್ನ ಗಡಿಯಾರ ಸರಿ ಇಲ್ಲ ಅಂತ ಬರೆದಿದ್ದು ನೀವೇ ಅಲ್ವಾ?"

ಶ್ರೀವಾಣಿ ಲ್ಯಾಪ್‌ಟಾಪಿನಿಂದ ತಲೆಯೆತ್ತಿದಳು. ಮುಳಬಾಗಿಲು ಹೈವೇ ಪಕ್ಕದ ಅಮ್ಮನ ಟೀ ಅಂಗಡಿ ಮುಂದೆ ನಿಂತವನನ್ನು ಅವಳು ಫೋಟೋದಲ್ಲಷ್ಟೇ ನೋಡಿದ್ದಳು. ನಂದೀಶ್... ದಕ್ಷಿಣ ಧ್ರುವದ ಹಿಮದಲ್ಲಿ ಹದಿನಾಲ್ಕು ತಿಂಗಳು ಕೂತು, ಭೂಮಿಯ ಕಾಂತಕ್ಷೇತ್ರವನ್ನು ಅಳೆದು ಅವಳಿಗೆ ಕಳಿಸುತ್ತಿದ್ದ ಲಕ್ಕೂರಿನ ಟೆಕ್ನಿಷಿಯನ್.

ಅಳತೆಗಳ ಕೆಳಗೆ ಮೊದಲು "ಊಟ ಆಯ್ತಾ ಮೇಡಂ" ಎಂದು ಬರೆಯುತ್ತಿದ್ದ. ಆಮೇಲೆ ಮೇಡಂ ಹೋಗಿ ವಾಣಿ ಬಂತು. ಪ್ರೀತಿಯ ಮಾತನ್ನು ಮಾತ್ರ ಇಬ್ಬರೂ ಆಡಲಿಲ್ಲ, ಪೆದ್ದುಗಳು.

ಅಷ್ಟರಲ್ಲಿ ಅವಳ ಪಿಎಚ್‌ಡಿ ಕೈಕೊಟ್ಟಿತು. ಸೂರ್ಯನಿಂದ ಬೀಸುವ ಗಾಳಿ ತನ್ನದೇ ಕಾಂತಕ್ಷೇತ್ರವನ್ನು ಹೊತ್ತು ತರುತ್ತದೆ. ಆ ಕ್ಷೇತ್ರ ದಕ್ಷಿಣಕ್ಕೆ ತಿರುಗಿದಾಗ ಧ್ರುವದ ಕಾಂತಕ್ಷೇತ್ರ ಜೋರಾಗಿ ತೂಗಾಡುತ್ತದೆ ಎಂದು ಅವಳು ತೋರಿಸಬೇಕಿತ್ತು. ಸೂರ್ಯನ ಕಡೆಗೆ ಹದಿನೈದು ಲಕ್ಷ ಕಿಲೋಮೀಟರ್ ಆಚೆಯ ಉಪಗ್ರಹ ಆ ಗಾಳಿಯನ್ನು ಮೊದಲೇ ಅಳೆಯುತ್ತದೆ. ಅದಾದ ಒಂದು ಗಂಟೆಗೆ ಧ್ರುವದ ಕ್ಷೇತ್ರ ತೂಗಾಡಬೇಕು ಎಂದು ಅವಳ ಲೆಕ್ಕ. ಆದರೆ ಒಂದು ದಿನ ನಲವತ್ತು ನಿಮಿಷಕ್ಕೆ, ಇನ್ನೊಂದು ದಿನ ಎಪ್ಪತ್ತಕ್ಕೆ...

ರೋಸಿಹೋಗಿ ಅವನ ಮೇಲಧಿಕಾರಿಗೇ ಬರೆದಳು, ಅಲ್ಲಿನ ಗಡಿಯಾರ ತಪ್ಪು ಎಂದು.

"ಇನ್ಮೇಲೆ ನನ್ನ ಅಲ್ಲಿಗೆ ಕಳ್ಸಲ್ವಂತೆ. ದಿನಾ ಎರಡು ಸಲ ಗಡಿಯಾರ ನೋಡ್ದೋನು ನಾನು. ನನ್ನೇ ಒಂದು ಮಾತು ಕೇಳ್ಬಾರ್ದಿತ್ತಾ?"

"ಕೇಳಿದ್ರೆ ಒಪ್ಕೋತಿದ್ರಾ? ಮೂರು ತಿಂಗ್ಳಿಂದ ತಲೆ ಚಚ್ಚಿಕೊಳ್ತಿದೀನಿ."

ಅಮ್ಮ ಆದಿಲಕ್ಷ್ಮಿಯ ಫೋನು ಬಡಿದುಕೊಂಡಿತು. ಅದೇ ಹೈವೇಯ ನಂಗಲಿಯಿಂದ ಅವಳ ತಮ್ಮ ಮುನಿರಾಮಪ್ಪ. ಲಾರಿಗಳು ಅಲ್ಲಿ ದಾಟಿದರೆ ಇಲ್ಲಿ ಟೀಗೆ ಹಾಲಿಡುವುದು ರೂಢಿ. "ಐದು ಲೋಡು ಗಾಡಿ ದಾಟಿದ್ವು ಅಕ್ಕಾ."

ಆದಿಲಕ್ಷ್ಮಿ ಕದಲಲಿಲ್ಲ.

"ಹಾಲಿಡಮ್ಮಾ, ಇನ್ನರ್ಧ ಗಂಟೆಗೆ ಬರ್ತಾರೆ," ಎಂದು ಶ್ರೀವಾಣಿ ರೇಗಿದಳು.

"ಲೋಡು ಗಾಡಿ ಕಣೇ, ಮುಕ್ಕಾಲು ಗಂಟೆ. ಖಾಲಿ ಗಾಡಿ ಆದ್ರೆ ಇಪ್ಪತ್ತು ನಿಮಿಷ. ಎಲ್ಲಾ ಒಂದೇ ಸ್ಪೀಡಲ್ಲಿ ಬರ್ತವಾ? ಇಷ್ಟೋದಿ ಏನು ಬಂತು ನಿಂಗೆ?"

ಶ್ರೀವಾಣಿ ಲ್ಯಾಪ್‌ಟಾಪನ್ನು ಹತ್ತಿರಕ್ಕೆ ಎಳೆದುಕೊಂಡಳು. ಎಲ್ಲಾ ದಿನಕ್ಕೂ ಒಂದೇ ಗಂಟೆ ಹಿಡಿದುಬಿಟ್ಟೆನಲ್ಲ... ಗಾಳಿಯ ವೇಗ?

ಆಯಾ ದಿನದ ವೇಗದಿಂದ ದೂರವನ್ನು ಭಾಗಿಸಿದಳು. ನಲವತ್ತರ ದಿನಕ್ಕೆ ನಲವತ್ತೇ ಬಂತು. ಎಪ್ಪತ್ತರ ದಿನಕ್ಕೆ ಎಪ್ಪತ್ತೇ.

"ನಿಮ್ಮ ಗಡಿಯಾರ ಸರಿ ಇತ್ತು..." ಅಲ್ಲೇ ಮೇಲಧಿಕಾರಿಗೆ ಬರೆದಳು: ತಪ್ಪು ನನ್ನದು. ನಂದೀಶನಿಗೆ ತೋರಿಸಿ ಕಳಿಸಿಯೂಬಿಟ್ಟಳು.

"ಮತ್ತೆ ಕರೆದ್ರೆ ಹೋಗ್ತೀರಾ?"

"ಹೋಗ್ತೀನಿ. ನೀನು ಕಾಯ್ತೀಯ ಅಂದ್ರೆ. ನೀನಂದ್ರೆ ಇಷ್ಟ ವಾಣಿ. ಅದನ್ನ ಹೇಳೋಕೇ ಬಂದೆ, ಸಿಟ್ಟು ಮುಂದೆ ಬಂತು."

ಅವಳು ಕಣ್ಣೊರೆಸಿಕೊಂಡಳು. "ಕಾಯ್ತೀನಿ. ಆದ್ರೂ ಇಷ್ಟು ಲೇಟಾ?"

"ಲೋಡ್ ಗಾಡಿ ಅಲ್ವಾ," ಎಂದ.

ಆದಿಲಕ್ಷ್ಮಿ ಹಾಲಿಟ್ಟಳು.