ಬಾತಿಯ ಗೂಟಕ್ಕೆ ಎರಡು ಪೆಟ್ಟು

ಬಾತಿ ಗುಡ್ಡದ ಆಣೆ, ಇದರಲ್ಲಿ ಒಂದಕ್ಷರವೂ ಸುಳ್ಳಿಲ್ಲ. ಬಸ್ ಬರುವವರೆಗೆ ಕೂತು ಕೇಳಿ.

ಎಪ್ಪತ್ತೆಂಟನೇ ಇಸವಿ. ಬಾತಿಯ ಗಾಡಿದಾರಿ ಪಕ್ಕದ ಕಣದಲ್ಲಿ ದಿಲ್‌ಷಾದ್ ಮಂಡಕ್ಕಿಗೆಂದು ಉಪ್ಪುನೀರು ಬೆರೆಸಿದ ಅಕ್ಕಿ ಹರವಿದ್ದಳು. ಅದರ ನಟ್ಟನಡುವೆ ಯಾರೋ ಒಬ್ಬ ಗೂಟ ಹಿಡಿದು ನಿಂತಿದ್ದ!

"ಏಯ್! ಅಕ್ಕಿ ತುಳಿಬ್ಯಾಡ್ರಿ!"

"ಚಪ್ಪಲಿ ಬಿಟ್ಟೇ ಬಂದೀನ್ರಿ," ಎಂದ ಅವನು ಮೆಲ್ಲಗೆ.

ನಿಜ... ಕಾದ ನೆಲದ ಮೇಲೆ ಬರಿಗಾಲು. ಅವಳ ಸಿಟ್ಟು ಅರ್ಧ ಅಲ್ಲೇ ಇಳಿಯಿತು.

ಅವನು ಹರಿಹರದ ಖುದ್ದೂಸ್. ಸರ್ವೆಯವರ ಅಳತೆ ಸರಪಳಿ ಹಿಡಿಯುವವನು.

ದಾವಣಗೆರೆ, ಹರಿಹರ ಎರಡು ಊರಿನ ನಡುವೆ ಲಾರಿಗಳಿಗೆ ಹೊಸ ರಸ್ತೆ ಆಗಬೇಕಿತ್ತು. ಬಾತಿಯಲ್ಲಿ ಗಾಡಿದಾರಿಯ ಎಡಕ್ಕೆ ದಾವಣಗೆರೆಯವರ ಜಾಗ, ಬಲಕ್ಕೆ ಹರಿಹರದವರದು. ಹಿರಿಯರು ಒಂಬತ್ತು ಸಲ ಸೇರಿ, ಹದಿನಾಲ್ಕು ಚೀಲ ಮಂಡಕ್ಕಿ ಮುಗಿಸಿ ಒಂದು ಮಾತಿಗೆ ಒಪ್ಪಿದ್ದರು. ರಸ್ತೆಯ ಗುರುತಿಗೆ ನೆಡುವ ಪ್ರತಿ ಗೂಟಕ್ಕೆ ದಾವಣಗೆರೆಯದೊಂದು ಪೆಟ್ಟು, ಹರಿಹರದ್ದೊಂದು ಪೆಟ್ಟು. ಬಡಿದ ಮೇಲೆ ಯಾರೂ ಮುಟ್ಟಬಾರದು.

ಕಣದ ಗೂಟಕ್ಕೂ ಎರಡು ಪೆಟ್ಟು ಬಿತ್ತು.

"ಕಣ ಹೋದ್ರೆ ನಮ್ಮ ಮಂಡಕ್ಕಿ ಭಟ್ಟಿ ಆರಿದಂಗೇ, ಬೇಟಿ," ಎಂದ ದಿಲ್‌ಷಾದಳ ಅಪ್ಪ ಬಡೇಸಾಬ್.

ಖುದ್ದೂಸ್ ದಿನವೂ ಬರುತ್ತಿದ್ದ. ದಿಲ್‌ಷಾದ್ ನೀರು ಕೊಡುತ್ತಿದ್ದಳು. ಮಾತು ಕಮ್ಮಿ, ನೋಟ ಜಾಸ್ತಿ.

ಒಂದು ದಿನ ಕೇಳಿಯೇಬಿಟ್ಟಳು. "ಈ ಗೂಟ ಚೂರು ಸರಿಸಾಕಾಗಲ್ವೇನ್ರಿ?"

"ಎರಡೂರು ಬಡಿದದ್ದು. ನನ್ನ ಕೈಯಾಗಿಲ್ಲ."

'ಹರಿಹರದವನಲ್ವಾ! ತನ್ನೂರಿನ ಜಾಗ ಉಳಿದ್ರೆ ಸಾಕು ಇವನಿಗೆ...' ಅವಳ ಎದೆ ಉರಿಯಿತು.

ಸೋಮವಾರ ಸರ್ವೆ ಸಾಹೇಬರು ಗೂಟ ನೋಡಿ ಬರೆದುಕೊಳ್ಳುವವರಿದ್ದರು. ಭಾನುವಾರ ಮಧ್ಯಾಹ್ನ ಊರೆಲ್ಲ ಉಣ್ಣಲು ಕೂತಾಗ ದಿಲ್‌ಷಾದ್ ಗೂಟ ಕಿತ್ತಳು. ಎದುರಿನ ಖಾಲಿ ಜಾಗದ ಕಲ್ಲುಗುಡ್ಡೆಯ ಪಕ್ಕ ನೆಟ್ಟು, ಒಬ್ಬಳೇ ಬಡಿದಳು.

ಸೋಮವಾರ ದೊಡ್ಡ ಗಲಾಟೆ!

"ಎರಡೂರಿನ ಮಾತು ಮುರಿದೋರು ಯಾರು?" ಹರಿಹರದ ಹಿರಿಯ ಉಚ್ಚೆಂಗಪ್ಪ ಕೂಗಿದ.

ಖುದ್ದೂಸ್ ಬಗ್ಗಿ ನೋಡಿದ. ಗೂಟದ ಬುಡದಲ್ಲಿ ಮಂಡಕ್ಕಿ ಹುರಿಯುವ ಕರಿ ಮರಳು ಉದುರಿತ್ತು. ಅವನು ತಲೆ ಎತ್ತಿ ದಿಲ್‌ಷಾದಳನ್ನು ನೋಡಿದ... ಒಂದೇ ಕ್ಷಣ.

"ನಾನೇ ಸರಿಸಿದ್ದು. ಅಳತೆ ತಪ್ಪಿತ್ತು."

"ತಲೆ ಕೆಟ್ಟೈತೇನೋ? ನಿಮ್ಮವ್ವ ಅಮೀನಾಬೀ ಬಳೆ ಮಾರಿ ತಗಂಡ ಜಾಗ ಇದು! ನಿನ್ನ ಮನೆ ಪಾಯದ ಕಲ್ಲು ಇಲ್ಲೇ ಬಿದ್ದಾವಲ್ಲೋ!" ಎಂದ ಉಚ್ಚೆಂಗಪ್ಪ.

ದಿಲ್‌ಷಾದ್ ಆ ಕಲ್ಲುಗುಡ್ಡೆಯತ್ತ ತಿರುಗಿದಳು. 'ಯಾ ಅಲ್ಲಾ... ನಾನು ಇವರ ಮನೆಗೇ ಗೂಟ ಬಡಿದೆನಾ?'

"ಅವರು ಸುಳ್ಳು ಹೇಳ್ತಾರೆ! ಕಿತ್ತೋಳು ನಾನು!"

ಬಡೇಸಾಬ್ ತಲೆ ತಗ್ಗಿಸಿದ.

ದಾವಣಗೆರೆಯ ಹಿರಿಯ ಬಕ್ಕೇಶಪ್ಪ ನಡುವೆ ಬಂದು ನಿಂತ. "ರಸ್ತೆ ನಡುವಿನ ಗಾಡಿದಾರಿ ಮ್ಯಾಲೇ ಬರ್ಲಿ. ಆಕಡೆ ಹುಡುಗನ ಜಾಗ ಅರ್ಧ, ಈಕಡೆ ಕಣ ಅರ್ಧ ಹೋಗ್ಲಿ."

"ರಸ್ತೆ ಸೊಟ್ಟ ಆಗುತ್ತೆ ಕಣ್ರೀ," ಎಂದರು ಸಾಹೇಬರು.

"ಆಗ್ಲಿ ಬಿಡ್ರಿ ಸ್ವಾಮಿ. ಊರೆರಡು ನೆಟ್ಟಗಿರ್ತಾವಲ್ಲ," ಎಂದ ಉಚ್ಚೆಂಗಪ್ಪ. ಸುತ್ತಿಗೆಯನ್ನು ದಿಲ್‌ಷಾದಳ ಕೈಗೆ ಕೊಟ್ಟ. "ಕಿತ್ತೋಳೇ ಬಡಿಯವ್ವ. ಇನ್ನೊಂದು ಪೆಟ್ಟು ಈ ಸುಳ್ಳುಗಾರಂದು."

ಅವಳು ಗಾಡಿದಾರಿಯ ನಡುವೆ ಗೂಟ ನೆಟ್ಟು ಬಡಿದಳು. ಸುತ್ತಿಗೆ ಖುದ್ದೂಸನ ಕೈಗಿಡುತ್ತಾ ಮೆಲ್ಲಗೆ ಕೇಳಿದಳು.

"ಯಾಕ ಸುಳ್ಳು ಹೇಳಿದ್ರಿ?"

"ಕಲ್ಲು ತಂದಾಗ ಆ ಮನೇಗೆ ಯಾರು ಬರ್ತಾರೋ ಗೊತ್ತಿರ್ಲಿಲ್ಲ. ಈಗ ಒಬ್ರು ಕಣ್ಣಿಗೆ ಕಟ್ಟಿದ್ರು... ಅವರ ಭಟ್ಟಿ ಆರಿಸಿ ನಾ ಹೆಂಗ್ರಿ ಮನೆ ಕಟ್ಲಿ?"

ಅವಳ ಕಣ್ಣು ತುಂಬಿ ಬಂತು. "ಉಳಿದ ಅರ್ಧ ಜಾಗದಾಗ ಮನೆ ಆಗುತ್ತಾ?"

"ಇಬ್ಬರಿಗೆ ಸಾಕು. ಅಮ್ಮಿ ಸೇರಿದ್ರೆ ಚೂರು ಇಕ್ಕಟ್ಟು."

"ಅರ್ಧ ಕಣ ಸಾಲಲ್ಲ, ಅಕ್ಕಿ ಎಲ್ಲಿ ಒಣಗಿಸ್ಲಿ?"

"ಮಾಳಿಗೆ ಮ್ಯಾಲೆ."

"ಹಂಗಾರೆ ಚಪ್ಪಲಿ ಬಿಟ್ಟೇ ಹತ್ಬೇಕು!"

"ಸಾಯೋತಂಕ," ಎಂದು ಅವನು ಎರಡನೇ ಪೆಟ್ಟು ಹಾಕಿದ.

ಆ ತಿರುವಿನಲ್ಲಿ ಇವತ್ತಿಗೂ ಡ್ರೈವರುಗಳು ಗೇರು ಇಳಿಸುತ್ತಾರೆ. ಅರೆ, ಎದ್ದೇಬಿಟ್ಟಿರಾ? ಬಸ್ಸಲ್ಲಿ ಕಿಟಕಿ ಪಕ್ಕ ಕೂತು ನೋಡಿ, ಆ ಮನೆಯ ಮಾಳಿಗೆ ಮೆಟ್ಟಿಲ ಬುಡದಲ್ಲಿ ಒಂದು ಜೊತೆ ಚಪ್ಪಲಿ...